ಓಟೋ ವಾರ್‌ಬುರ್ಗ್: ಅರ್ಬುದದ ಉಸಿರನ್ನು ಅಳೆದವನು

ಓಟೋ ವಾರ್‌ಬುರ್ಗ್ ೧೮೮೩ರ ಅಕ್ಟೋಬರ್ ೮ರಂದು ಜರ್ಮನಿಯ ಫ್ರೈಬುರ್ಗ್ ಪಟ್ಟಣದಲ್ಲಿ ಜನಿಸಿದನು. ತಂದೆ ಎಮಿಲ್ ವಾರ್‌ಬುರ್ಗ್ ಹೆಸರಾಂತ ಭೌತವಿಜ್ಞಾನಿ. ಮಗನು ಎಮಿಲ್ ಫಿಷರನ ಕೈಕೆಳಗೆ ರಸಾಯನಶಾಸ್ತ್ರವನ್ನು ಕಲಿತು ೧೯೦೬ರಲ್ಲಿ ಡಾಕ್ಟರ್ ಪದವಿಯನ್ನು ಪಡೆದನು. ಅಷ್ಟಕ್ಕೆ ತೃಪ್ತನಾಗದೆ ೧೯೧೧ರಲ್ಲಿ ಹೈಡೆಲ್‌ಬರ್ಗಿನಲ್ಲಿ ವೈದ್ಯ ಪದವಿಯನ್ನೂ ಸಂಪಾದಿಸಿದನು.

ಈ ನಡುವೆ ಅವನು ನೇಪಲ್ಸಿನ ಕಡಲತಡಿಯಲ್ಲಿ, ಮೈತುಂಬ ಮುಳ್ಳಿರುವ ಒಂದು ಕಡಲಜೀವಿಯ ತತ್ತಿಗಳನ್ನು ಪರೀಕ್ಷಿಸಿದ್ದನು. ಫಲಿತವಾದ ತತ್ತಿ ಮೊದಲಿಗಿಂತ ಹಲವು ಪಟ್ಟು ಹೆಚ್ಚು ಆಮ್ಲಜನಕವನ್ನು ಹೀರುವುದೆಂದು ೧೯೦೮ರಲ್ಲಿ ಪ್ರಕಟಿಸಿದನು. ಬೆಳೆಯುವ ಜೀವಕೋಶ ಹೆಚ್ಚು ಉಸಿರಾಡಬೇಕು; ಹಾಗಾದರೆ ಮಿತಿಮೀರಿ ಬೆಳೆಯುವ ಅರ್ಬುದದ ಕೋಶ ಇನ್ನೂ ಹೆಚ್ಚು ಉಸಿರಾಡಬೇಡವೇ? ಮೊದಲನೆಯ ಮಹಾಯುದ್ಧ ಈ ಪ್ರಶ್ನೆಯನ್ನು ಮುಂದೂಡಿತು. ವಾರ್‌ಬುರ್ಗ್ ಅಶ್ವದಳವನ್ನು ಸೇರಿದನು. ರಣಭೂಮಿಯನ್ನು ಬಿಟ್ಟು ವಿಜ್ಞಾನಕ್ಕೆ ಮರಳಬೇಕೆಂದು ೧೯೧೮ರಲ್ಲಿ ಐನ್‌ಸ್ಟೈನನೇ ಅವನಿಗೆ ಕಾಗದ ಬರೆಯಬೇಕಾಯಿತು.

೧೯೨೩ರ ಸುಮಾರಿಗೆ ಅವನು ಇಲಿಯ ಅರ್ಬುದದಿಂದ ತೆಳ್ಳನೆಯ ಪದರುಗಳನ್ನು ಕೊಯ್ದು, ಪುಟ್ಟ ಗಾಜಿನ ಪಾತ್ರೆಗಳಲ್ಲಿಟ್ಟು, ಅನಿಲದ ಒತ್ತಡವನ್ನು ಅಳೆಯತೊಡಗಿದನು. ಸಿಕ್ಕ ಉತ್ತರ ಎಣಿಕೆಗೆ ವಿರುದ್ಧವಾಗಿತ್ತು. ಆ ಕೋಶಗಳು ಹೆಚ್ಚು ಆಮ್ಲಜನಕವನ್ನೇನೂ ಹೀರಲಿಲ್ಲ. ಗಾಳಿ ಬೇಕಾದಷ್ಟಿದ್ದರೂ ಸಕ್ಕರೆಯನ್ನು ಅರ್ಧಕ್ಕೇ ಒಡೆದು ಲ್ಯಾಕ್ಟಿಕ್ ಆಮ್ಲವನ್ನು ಸುರಿಯುತ್ತಿದ್ದವು. ನಮ್ಮ ಮೊಸರಿಗೆ ಹುಳಿ ಕೊಡುವ ಆಮ್ಲವೇ ಅದು. ಕರಾವಳಿಯಲ್ಲಿ ರಂಪಣಿ ಬಲೆಯನ್ನು ದಡಕ್ಕೆ ಎಳೆಯುವವರ ತೋಳುಗಳಲ್ಲಿಯೂ ಅದು ಹುಟ್ಟುತ್ತದೆ. ಆದರೆ ದುಡಿಮೆ ಬಿರುಸಾದಾಗಲೇ ಹೆಚ್ಚು. ಅರ್ಬುದಕ್ಕೆ ಆ ನೆವವೂ ಬೇಕಿಲ್ಲ.

೧೯೩೧ರಲ್ಲಿ ಅವನಿಗೆ ನೊಬೆಲ್ ಬಹುಮಾನ ದೊರೆತದ್ದು ಇದಕ್ಕಲ್ಲ, ಉಸಿರಾಟದ ಕಿಣ್ವವನ್ನು ಕುರಿತ ಶೋಧನೆಗೆ. ಹಿಟ್ಲರನ ಕಾಲದಲ್ಲಿ, ತಂದೆಯ ಕಡೆಯಿಂದ ಯಹೂದಿ ಮೂಲದವನಾಗಿದ್ದರೂ, ದೇಶ ಬಿಡಲಿಲ್ಲ. ೧೯೪೧ರಲ್ಲಿ ಪದವಿಯಿಂದ ತೆಗೆದರು. ಸ್ವಲ್ಪ ಕಾಲದಲ್ಲೇ ಮತ್ತೆ ಕೊಟ್ಟರು. ಶಿಷ್ಯನಾದ ಹಾನ್ಸ್ ಕ್ರೆಬ್ಸನೂ ನೊಬೆಲ್ ಪಡೆದನು. ಗುರು ಮಾತ್ರ ತನ್ನ ಒಂದು ಮಾತನ್ನು ಕೊನೆಯವರೆಗೆ ಬಿಡಲಿಲ್ಲ: ಕೋಶದ ಉಸಿರಾಟ ಕೆಡುವುದೇ ಅರ್ಬುದದ ಮೂಲಕಾರಣ. ಅವನು ೧೯೭೦ರ ಆಗಸ್ಟ್ ೧ರಂದು ಬರ್ಲಿನ್ನಿನಲ್ಲಿ ತೀರಿಕೊಂಡನು.

ನನ್ನ ಎಣಿಕೆಯಲ್ಲಿ ಅವನ ಅಳತೆ ದೊಡ್ಡದು, ಅದರ ಮೇಲೆ ಕಟ್ಟಿದ ತೀರ್ಪು ಚಿಕ್ಕದು. ಅನೇಕ ಅರ್ಬುದಗಳಲ್ಲಿ ಉಸಿರಾಟದ ವ್ಯವಸ್ಥೆ ಕೆಟ್ಟಿರುವುದಿಲ್ಲವೆಂದು ಈಗ ತಿಳಿದಿದೆ. ಅಳತೆಯಾದರೋ ಆಸ್ಪತ್ರೆಯನ್ನು ಸೇರಿತು. ವಿಕಿರಣದ ಗುರುತು ಹಾಕಿದ ಸಕ್ಕರೆಯಂಥ ವಸ್ತುವನ್ನು ರಕ್ತನಾಳಕ್ಕೆ ಬಿಟ್ಟು, ಅದು ಎಲ್ಲಿ ಸೇರುವುದೆಂದು ನೋಡುವ ಪೆಟ್ ಚಿತ್ರಣ ಇದರ ಫಲ. ಅನ್ನನಾಳ ಜಠರವನ್ನು ಕೂಡುವೆಡೆಯ ಅರ್ಬುದದಲ್ಲಿ, ಔಷಧಿ ಆರಂಭಿಸಿದ ಎರಡು ವಾರಗಳಲ್ಲಿ ಈ ಸಕ್ಕರೆಯ ಹೀರಿಕೆ ನೂರಕ್ಕೆ ೩೫ರಷ್ಟು ಇಳಿದವರು ಹೆಚ್ಚು ಕಾಲ ಬದುಕಿದರೆಂದು ಮ್ಯೂನಿಕ್ಕಿನ ವೈದ್ಯರು ಕಂಡರು. ಇಳಿಯದವರಿಗೆ ಫಲಿಸದ ಔಷಧಿಯನ್ನು ನಿಲ್ಲಿಸಿ ನೇರವಾಗಿ ಶಸ್ತ್ರಚಿಕಿತ್ಸೆ ಮಾಡಬಹುದೆಂದು ೨೦೦೭ರಲ್ಲಿ ತೋರಿಸಿದರು. ಜಠರದ ಒಳಭಾಗದ ಅರ್ಬುದ ಇಷ್ಟು ಸರಳವಲ್ಲ. ಗೋಡೆಯೊಳಗೆ ಚದರಿ ಹಬ್ಬುವ, ಲೋಳೆ ತುಂಬಿದ ಬಗೆಗಳು ಈ ಸಕ್ಕರೆಯನ್ನು ಅಷ್ಟಾಗಿ ಹೀರವು. ಚಿತ್ರದಲ್ಲಿ ಬೆಳಕಿಲ್ಲವೆಂದ ಮಾತ್ರಕ್ಕೆ ರೋಗವಿಲ್ಲವೆನ್ನಲಾಗದು.

ಇದನ್ನೆಲ್ಲ ಬರೆಯಲು ಕಾರಣವುಂಟು. ಭಟ್ಕಳದ ತೆಂಗಿನಗುಂಡಿಯಲ್ಲಿ ನನಗೆ ಪರಿಚಿತರಾದ ಮೀನುಗಾರರೊಬ್ಬರಿಗೆ ಜಠರದ ಅರ್ಬುದವೆಂದು ತಿಳಿದ ವಾರದಲ್ಲೇ ಮನೆಯವರು ಅನ್ನ, ಗಂಜಿ, ಬೆಲ್ಲಗಳನ್ನು ನಿಲ್ಲಿಸಿದ್ದರು. ಅರ್ಬುದ ಸಕ್ಕರೆಯಿಂದ ಬೆಳೆಯುತ್ತದೆ, ಉಪವಾಸದಿಂದ ಸಾಯುತ್ತದೆ ಎಂದು ಯಾರೋ ವಾರ್‌ಬುರ್ಗನ ಹೆಸರಿನಲ್ಲಿ ಹೇಳಿದ್ದರಂತೆ. ಅನ್ನ ಬಿಟ್ಟರೂ ದೇಹ ತನ್ನ ಮಾಂಸವನ್ನೇ ಕರಗಿಸಿ ರಕ್ತದ ಸಕ್ಕರೆಯನ್ನು ಕಾಯ್ದುಕೊಳ್ಳುತ್ತದೆ; ಸೊರಗುವವನು ರೋಗಿ. ಜಠರದ ರೋಗದಲ್ಲಿ ಊಟವೇ ಸೇರದೆ ತೂಕ ಇಳಿದಿರುತ್ತದೆ, ತೂಕ ಇಳಿದವರು ಔಷಧಿಯನ್ನೂ ಶಸ್ತ್ರಚಿಕಿತ್ಸೆಯನ್ನೂ ತಾಳುವುದು ಕಷ್ಟ. ಆ ಮನೆಯ ಹಿರಿಯ ಮಗನಿಗೆ ನಾನು ಇಷ್ಟನ್ನೇ ಹೇಳಿ, ಆಹಾರದ ಮಾತನ್ನು ವೈದ್ಯರೊಡನೆಯೇ ಕೇಳಿ ತಿಳಿಯಿರೆಂದೆ. ಗಂಜಿ ಮತ್ತೆ ಒಲೆಯೇರಿತು. ದಿನಕ್ಕೆ ಆರು ಸಲ, ಸ್ವಲ್ಪ ಸ್ವಲ್ಪವಾಗಿ.