ಜೋ ಲೂಯಿಸ್ ಅವರ ಮೂರು ಸೋಲುಗಳು



ಪರೀಕ್ಷೆಯ ಫಲಿತಾಂಶ ಬಂದ ದಿನ ತಲೆ ತಗ್ಗಿಸಿಕೊಂಡು ಮನೆಗೆ ಬರುವ ಮಕ್ಕಳನ್ನು ನೀವು ನೋಡಿರುತ್ತೀರಿ. ಅಂಥವರಿಗೆ ನಾವು ಸಾಮಾನ್ಯವಾಗಿ ಗೆದ್ದವರ ಕಥೆ ಹೇಳುತ್ತೇವೆ. ಇಲ್ಲಿ ನಿಮ್ಮ ಮುಂದಿಡುತ್ತಿರುವುದು ಒಬ್ಬ ಮಹಾನ್ ಕ್ರೀಡಾಪಟುವಿನ ಸೋಲುಗಳನ್ನು. ಅಮೆರಿಕದ ಬಾಕ್ಸರ್ ಜೋ ಲೂಯಿಸ್ ವೃತ್ತಿ ಜೀವನದಲ್ಲಿ 66 ಪಂದ್ಯ ಗೆದ್ದರು, ಸೋತದ್ದು ಕೇವಲ ಮೂರು. ಆದರೆ ಆ ಮೂರರಲ್ಲಿ ಅವರ ಇಡೀ ಬದುಕೇ ಅಡಗಿದೆ.

ಲೂಯಿಸ್ ಹುಟ್ಟಿದ್ದು 1914ರ ಮೇ 13ರಂದು, ಅಲಬಾಮಾ ರಾಜ್ಯದ ಲಫಾಯೆಟ್ ಬಳಿ. ಬೇರೆಯವರ ಜಮೀನಿನಲ್ಲಿ ಪಾಲಿಗೆ ದುಡಿಯುತ್ತಿದ್ದ ಬಡ ಕಪ್ಪು ಜನಾಂಗದ ಕುಟುಂಬ ಅವರದು. ತಂದೆ ಮಾನಸಿಕ ಆಸ್ಪತ್ರೆ ಸೇರಿದ್ದರು. ತಾಯಿ ಲಿಲ್ಲಿ ಮರುಮದುವೆಯಾದರು, 1926ರಲ್ಲಿ ಕುಟುಂಬ ಡೆಟ್ರಾಯಿಟ್ ನಗರಕ್ಕೆ ವಲಸೆ ಬಂತು. ಪಿಟೀಲು ಕಲಿಯಲೆಂದು ತಾಯಿ ಕೊಟ್ಟ ಹಣವನ್ನು ಹುಡುಗ ಬಾಕ್ಸಿಂಗ್ ಕಲಿಯಲು ಬಳಸಿದ. 1934ರಲ್ಲಿ ವೃತ್ತಿಪರ ಬಾಕ್ಸರ್ ಆದರು. ತರಬೇತುದಾರ ಜಾಕ್ ಬ್ಲ್ಯಾಕ್‌ಬರ್ನ್ ಅವರ ಗರಡಿಯಲ್ಲಿ ಪಳಗಿ, ಮರುವರ್ಷವೇ ಮಾಜಿ ವಿಶ್ವ ಚಾಂಪಿಯನ್‌ಗಳಾದ ಪ್ರಿಮೊ ಕಾರ್ನೆರಾ ಮತ್ತು ಮ್ಯಾಕ್ಸ್ ಬೇರ್ ಇಬ್ಬರನ್ನೂ ಮಣಿಸಿದರು.

ಅಲ್ಲಿಗೆ ಹುಡುಗನಿಗೆ ಸೋಲೇ ಇಲ್ಲವೆಂದು ಎಲ್ಲರೂ ನಂಬಿದರು. ಅವರೂ ನಂಬಿದರೋ ಏನೋ! 1936ರ ಜೂನ್ 19ರಂದು ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್ ಜೊತೆ ಪಂದ್ಯ ನಿಗದಿಯಾಗಿತ್ತು. ಲೂಯಿಸ್ ಆಗಷ್ಟೇ ಗಾಲ್ಫ್ ಆಟದ ರುಚಿ ಹತ್ತಿಸಿಕೊಂಡಿದ್ದರು. ಅಭ್ಯಾಸ ಹಿಂದೆ ಬಿತ್ತು. ಅತ್ತ ಶ್ಮೆಲಿಂಗ್ ಒಬ್ಬ ಒಳ್ಳೆಯ ವಿದ್ಯಾರ್ಥಿಯಂತೆ ಲೂಯಿಸ್ ಪಂದ್ಯಗಳ ಚಲನಚಿತ್ರಗಳನ್ನು ಕುಳಿತು ನೋಡಿದರು. ಎಡಗೈಯಿಂದ ಹೊಡೆದ ಮೇಲೆ ಲೂಯಿಸ್ ಆ ಕೈಯನ್ನು ಕೆಳಗಿಳಿಸುತ್ತಾರೆ, ಆಗ ಮುಖಕ್ಕೆ ರಕ್ಷಣೆ ಇರುವುದಿಲ್ಲ ಎಂಬುದನ್ನು ಪತ್ತೆ ಹಚ್ಚಿದರು. ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂನಲ್ಲಿ ಅದೇ ಸಂದಿಯಲ್ಲಿ ಅವರ ಬಲಗೈ ಏಟು ಮತ್ತೆ ಮತ್ತೆ ಬಿತ್ತು. ನಾಲ್ಕನೇ ಸುತ್ತಿನಲ್ಲಿ ನೆಲಕ್ಕುರುಳಿದ ಲೂಯಿಸ್, 12ನೇ ಸುತ್ತಿನಲ್ಲಿ ಮತ್ತೆ ಏಳಲಿಲ್ಲ. ಅಮೆರಿಕದ ಕಪ್ಪು ಜನರ ಮನೆಗಳಲ್ಲಿ ಅಂದು ಸೂತಕದ ಮೌನ. ಹಿಟ್ಲರನ ಪ್ರಚಾರಕರು ಈ ಗೆಲುವನ್ನು ತಮ್ಮ ಜನಾಂಗದ ಗೆಲುವೆಂದು ಸಾರಿದರು.

ಗಮನಿಸಿ, ಲೂಯಿಸ್ ಮುಂದೆ ಮಾಡಿದ್ದೇನು? ನೆಪ ಹೇಳುತ್ತ ಕೂರಲಿಲ್ಲ. ಗುರುವಿನ ಬಳಿಗೆ ಹಿಂತಿರುಗಿ ಎಡಗೈಯ ದೋಷ ತಿದ್ದಿಕೊಂಡರು. 1937ರ ಜೂನ್ 22ರಂದು ಷಿಕಾಗೋದಲ್ಲಿ ಜೇಮ್ಸ್ ಬ್ರಾಡಕ್ ಅವರನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದರು. ಸರಿಯಾಗಿ ಒಂದು ವರ್ಷದ ಮೇಲೆ, ಅದೇ ಯಾಂಕೀ ಸ್ಟೇಡಿಯಂನಲ್ಲಿ ಸುಮಾರು 70,000 ಪ್ರೇಕ್ಷಕರ ಮುಂದೆ ಶ್ಮೆಲಿಂಗ್ ಅವರನ್ನು ಮತ್ತೆ ಎದುರಿಸಿದರು. ಪಂದ್ಯ ಮುಗಿದದ್ದು 2 ನಿಮಿಷ 4 ಸೆಕೆಂಡಿನಲ್ಲಿ! 1937ರಿಂದ 1949ರವರೆಗೆ, ಒಟ್ಟು 25 ಬಾರಿ, ಪಟ್ಟ ಅವರ ಕೈ ತಪ್ಪಲಿಲ್ಲ.

ಇನ್ನು ಉಳಿದ ಎರಡು ಸೋಲುಗಳ ಕಥೆಯೇ ಬೇರೆ. 1942ರಲ್ಲಿ ಎರಡು ಪಂದ್ಯಗಳ ಸಂಭಾವನೆಯನ್ನು ಲೂಯಿಸ್ ನೌಕಾಪಡೆ ಹಾಗೂ ಭೂಸೇನೆಯ ಪರಿಹಾರ ನಿಧಿಗಳಿಗೆ ಕೊಟ್ಟು, ತಾವೂ ಸೈನ್ಯ ಸೇರಿದರು. ಆದರೆ ತೆರಿಗೆ ಇಲಾಖೆ ಆ ಹಣವನ್ನೂ ಅವರ ಆದಾಯವೆಂದೇ ಹಿಡಿಯಿತು. ಕೈಬಿಚ್ಚಿ ಕೊಡುವ ಸ್ವಭಾವ, ವಿಪರೀತ ಖರ್ಚು, ನಷ್ಟದ ವ್ಯಾಪಾರಗಳು ಬೇರೆ. ಲೆಕ್ಕಪತ್ರವೆಲ್ಲ ಇತರರ ಕೈಯಲ್ಲಿತ್ತು. 1950ರ ಹೊತ್ತಿಗೆ ತೆರಿಗೆ ಬಾಕಿ 5 ಲಕ್ಷ ಡಾಲರ್ ದಾಟಿತ್ತು. ನಿವೃತ್ತರಾಗಿದ್ದವರು ಸಾಲಕ್ಕಾಗಿ ಮತ್ತೆ ಕೈಗವಸು ತೊಡಬೇಕಾಯಿತು. 1950ರ ಸೆಪ್ಟೆಂಬರ್ 27ರಂದು, 36ನೇ ವಯಸ್ಸಿನಲ್ಲಿ, ಎಜ಼ರ್ಡ್ ಚಾರ್ಲ್ಸ್ ಎದುರು 15 ಸುತ್ತು ಕಾದಾಡಿ ಅಂಕಗಳ ಮೇಲೆ ಸೋತರು. 1951ರ ಅಕ್ಟೋಬರ್ 26ರಂದು ರಾಕಿ ಮಾರ್ಸಿಯಾನೊ ಎಂಟನೇ ಸುತ್ತಿನಲ್ಲಿ ಅವರನ್ನು ಕೆಡವಿದರು. ಬಾಲ್ಯದಿಂದ ಲೂಯಿಸ್ ಅವರನ್ನೇ ಆರಾಧಿಸಿದ್ದ ಮಾರ್ಸಿಯಾನೊ, ಗೆದ್ದೂ ಕಣ್ಣೀರಿಟ್ಟರಂತೆ. ಅದೇ ಲೂಯಿಸ್ ಅವರ ಕೊನೆಯ ಪಂದ್ಯ.

ಸಾಲ ಮಾತ್ರ ಬಡ್ಡಿ ಸೇರಿ ಬೆಳೆಯುತ್ತಲೇ ಹೋಯಿತು. 1953ರಲ್ಲಿ ತೀರಿಕೊಂಡ ತಾಯಿ ಮಗನಿಗೆ ಬಿಟ್ಟುಹೋದ ಅಲ್ಪ ಹಣವನ್ನೂ ಇಲಾಖೆ ವಶಪಡಿಸಿಕೊಂಡಿತು. ಹೊಟ್ಟೆಪಾಡಿಗೆ ಕುಸ್ತಿ ಪ್ರದರ್ಶನ ಕೊಟ್ಟರು. ಮುಂದೆ ಲಾಸ್ ವೇಗಸ್‌ನ ಹೋಟೆಲೊಂದರಲ್ಲಿ ಅತಿಥಿಗಳನ್ನು ಸ್ವಾಗತಿಸುವ ಕೆಲಸ ಮಾಡಿದರು. 1981ರ ಏಪ್ರಿಲ್ 12ರಂದು ನಿಧನರಾದಾಗ ಸೈನಿಕ ಗೌರವದೊಂದಿಗೆ ಆರ್ಲಿಂಗ್ಟನ್‌ನಲ್ಲಿ ಸಮಾಧಿಯಾಯಿತು. ಅಂತ್ಯಕ್ರಿಯೆಯ ಖರ್ಚಿಗೆ ನೆರವಾದವರಲ್ಲಿ ಒಬ್ಬರು ಯಾರು ಗೊತ್ತೇ? ಅವರನ್ನು ಮೊದಲು ಸೋಲಿಸಿದ ಅದೇ ಶ್ಮೆಲಿಂಗ್! ವೈರಿಗಳೆಂದು ಜಗತ್ತು ಕರೆದವರು ಯುದ್ಧದ ನಂತರ ಆಪ್ತಮಿತ್ರರಾಗಿದ್ದರು.

ಓದುಗರೇ, ಮೊದಲ ಸೋಲಿನಲ್ಲಿ ತಪ್ಪು ಯಾವುದೆಂದು ಲೂಯಿಸ್ ಅವರಿಗೆ ತಿಳಿಯಿತು, ತಿದ್ದಿಕೊಂಡರು, ಚಾಂಪಿಯನ್ ಆದರು. ಕೊನೆಯ ಎರಡು ಸೋಲುಗಳು ಅಖಾಡದಲ್ಲಿ ಘೋಷಣೆಯಾದರೂ, ನಿರ್ಧಾರವಾದದ್ದು ಅವರು ಓದದೇ ಬಿಟ್ಟ ಕಾಗದಪತ್ರಗಳಲ್ಲಿ. ಸರ್ಕಾರ ಅವರಿಗೆ ಮಾಡಿದ್ದು ನ್ಯಾಯವಲ್ಲ, ನಿಜ. ಆದರೂ ತನ್ನ ಲೆಕ್ಕ ತನಗೆ ತಿಳಿದಿದ್ದರೆ ಆ ಪೆಟ್ಟನ್ನು ಸ್ವಲ್ಪವಾದರೂ ತಪ್ಪಿಸಿಕೊಳ್ಳಬಹುದಿತ್ತು. ಅನುತ್ತೀರ್ಣನಾಗಿ ಬಂದ ಮಗುವನ್ನು ಗದರಿಸುವ ಮುನ್ನ, ಎಡಗೈ ಎಲ್ಲಿ ಕೆಳಗಿಳಿಯಿತೆಂದು ಅದರೊಂದಿಗೆ ಕುಳಿತು ಹುಡುಕಿ. ಗೆದ್ದು ಬಂದ ಮಗುವಿಗೆ, ಸಹಿ ಹಾಕುವ ಮೊದಲು ಓದುವುದನ್ನು ಕಲಿಸಿ.