ಡಾ. ಅಂಬೇಡ್ಕರರ ಓದಿನ ರಾತ್ರಿಗಳು

ಪರೀಕ್ಷೆಗಳು ಸಮೀಪಿಸಿದುವೆಂದರೆ ನಮ್ಮ ವಿದ್ಯಾರ್ಥಿ ನಿಲಯಗಳಲ್ಲಿ ಒಂದು ಚರ್ಚೆ ತಪ್ಪದೆ ಏಳುತ್ತದೆ. ರಾತ್ರಿಯೆಲ್ಲ ಓದಿದವನು ಬೆಳಗಿನ ಜಾವದಲ್ಲಿ ತುಸು ಮಲಗಬೇಕೋ, ಇಲ್ಲವೆ ಚಹಾ ಕುಡಿದು ಹಾಗೆಯೇ ಪರೀಕ್ಷೆಗೆ ಹೋಗಬೇಕೋ? ಮಲಗಿದರೆ ಓದಿದ್ದೆಲ್ಲ ಮರೆತುಹೋದೀತೆಂದು ಕೆಲವರ ಭಯ. ಎಚ್ಚರವಾಗದೆ ಪರೀಕ್ಷೆಯೇ ತಪ್ಪೀತೆಂದು ಮತ್ತೆ ಕೆಲವರ ಭಯ. ಆಗ ನಿದ್ದೆಗೆಡುವ ಪಕ್ಷದವರು ಸಾಕ್ಷಿಗೆ ಕರೆಯುವ ಹೆಸರು ಡಾ. ಬಾಬಾಸಾಹೇಬ ಅಂಬೇಡ್ಕರರದು. ಅವರು ನಿದ್ರೆಯನ್ನೇ ಗೆದ್ದವರೆಂಬ ಮಾತನ್ನು ನಮ್ಮ ಸಂತಪುರದ ಕಡೆ ನಾನು ಚಿಕ್ಕಂದಿನಿಂದಲೂ ಕೇಳಿದ್ದೇನೆ. ಅವರ ಜೀವನ ಚರಿತ್ರೆಯನ್ನು ಓದಿದ ಮೇಲೆ ನನಗೆ ಕಂಡ ಸಂಗತಿ ಬೇರೆಯೇ ಆಗಿದೆ.

ಭೀಮರಾಯರು ಹುಟ್ಟಿದ್ದು ೧೮೯೧ನೆಯ ಏಪ್ರಿಲ್ ೧೪ರಂದು, ಮಹೂ ಎಂಬ ಸೈನಿಕ ನೆಲೆಯಲ್ಲಿ. ತಂದೆ ರಾಮಜಿ ಸಕ್ಪಾಳರು ಸೈನ್ಯದಲ್ಲಿ ಸುಬೇದಾರರಾಗಿದ್ದವರು, ಸೈನ್ಯದ ಶಾಲೆಯಲ್ಲಿ ಪಾಠ ಹೇಳಿದವರು. ತಾಯಿ ಭೀಮಾಬಾಯಿ ಮಗ ಇನ್ನೂ ಎಳೆಯನಿದ್ದಾಗಲೇ ತೀರಿಕೊಂಡರು. ಸಾತಾರೆಯ ಶಾಲೆಯಲ್ಲಿ ಅಸ್ಪೃಶ್ಯತೆಯ ನೋವನ್ನು ಉಂಡ ಹುಡುಗ ಮುಂದೆ ಮುಂಬಯಿಗೆ ಬಂದು ಎಲ್ಫಿನ್‌ಸ್ಟನ್ ಹೈಸ್ಕೂಲು ಸೇರಿದನು. ಪರೇಲಿನ ಚಾಳಿನಲ್ಲಿ ಅವರಿಗಿದ್ದದ್ದು ಒಂದೇ ಕೋಣೆ. ಅಡಿಗೆ, ಊಟ, ಸಾಮಾನು, ಮಲಗುವುದು ಎಲ್ಲವೂ ಅಲ್ಲಿಯೇ. ಇಬ್ಬರು ಒಟ್ಟಿಗೆ ಕಾಲು ಚಾಚುವಷ್ಟು ಜಾಗವೂ ಇಲ್ಲದಿದ್ದಾಗ ರಾಮಜಿಯವರು ಒಂದು ಏರ್ಪಾಡು ಮಾಡಿದರು. ಮಗನು ಸಂಜೆ ಬೇಗ ಮಲಗಬೇಕು. ತಾವು ರಾತ್ರಿ ಎರಡು ಗಂಟೆಯವರೆಗೆ ಎಚ್ಚರವಾಗಿರಬೇಕು. ಎರಡಕ್ಕೆ ಮಗನನ್ನು ಎಬ್ಬಿಸಿ ತಂದೆ ಅದೇ ಜಾಗದಲ್ಲಿ ಒರಗುತ್ತಿದ್ದರು. ತಲೆಯ ಬಳಿ ಬೀಸುವ ಕಲ್ಲು, ಕಾಲ ಬಳಿ ಆಡು, ಎದುರಿಗೆ ಗಾಜಿಲ್ಲದ ಸೀಮೆಎಣ್ಣೆಯ ದೀಪ. ನಮ್ಮ ಕಡೆ ಇದಕ್ಕೆ ಚಿಮಣಿ ಎನ್ನುತ್ತಾರೆ. ಬೆಳಕು ಹರಿಯುವವರೆಗೆ ಓದಿ, ಮತ್ತೊಮ್ಮೆ ಸ್ವಲ್ಪ ಮಲಗಿ, ಎದ್ದು ಸ್ನಾನ ಮಾಡಿ ಭೀಮನು ಶಾಲೆಗೆ ಹೋಗುತ್ತಿದ್ದನು.

ವಾಚಕರು ಈ ಏರ್ಪಾಡನ್ನು ಗಮನಿಸಬೇಕು. ಓದಿಗೆ ಮೊದಲು ನಿದ್ರೆ, ಓದಿನ ತರುವಾಯವೂ ನಿದ್ರೆ. ಹುಡುಗನು ನಿದ್ರೆಯನ್ನು ತೊರೆಯಲಿಲ್ಲ. ಜಾಗವಿಲ್ಲದ್ದರಿಂದ ತಂದೆಯೂ ಮಗನೂ ಒಂದೇ ಹಾಸಿಗೆಯನ್ನು ಸರದಿಯಂತೆ ಹಂಚಿಕೊಂಡರು. ನಮ್ಮ ಔರಾದ ತಾಲೂಕಿನ ಮನೆಗಳಿಗೆ ಇದು ತಿಳಿಯದ ಮಾತಲ್ಲ. ಕರೆಂಟು ಬಂದ ಹೊತ್ತಿಗೆ, ಅದು ನಡುರಾತ್ರಿಯಾದರೂ, ಎದ್ದು ಹೊಲಕ್ಕೆ ನೀರು ಹಾಯಿಸುವ ತಂದೆಯಂದಿರು ಇಲ್ಲಿದ್ದಾರೆ. ನಮ್ಮ ಮನೆಯಲ್ಲಿ ಕಾಲೇಜು ಕಂಡವಳು ನಾನೇ ಮೊದಲಿಗಳು. ಜೋಳದ ಚೀಲಗಳ ಪಕ್ಕದಲ್ಲಿ ನಾನು ಓದುತ್ತಿರುವಾಗ ಅವ್ವ ಮಲಗದೆ ಕಾದಿರುತ್ತಾಳೆ. ಆದಕಾರಣ ಅಂಬೇಡ್ಕರರ ಚರಿತ್ರೆಯಲ್ಲಿ ಮಗನ ಓದಿನಷ್ಟೇ ತಂದೆಯ ಜಾಗರಣೆಯೂ ನನಗೆ ದೊಡ್ಡದಾಗಿ ತೋರುತ್ತದೆ.

೧೯೦೭ರಲ್ಲಿ ಅವರು ಮೆಟ್ರಿಕ್ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಕೆಳುಸ್ಕರ್ ಗುರುಗಳು ಬುದ್ಧನ ಚರಿತ್ರೆಯನ್ನು ಬಹುಮಾನವಾಗಿತ್ತರು. ಬಡೋದೆಯ ಮಹಾರಾಜರ ವಿದ್ಯಾರ್ಥಿವೇತನದಿಂದ ಬಿ.ಎ. ಮುಗಿಯಿತು. ೧೯೧೩ರಲ್ಲಿ ತಂದೆ ತೀರಿಕೊಂಡರು. ಅದೇ ವರ್ಷ ಅವರು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ತೆರಳಿದರು. ಅಲ್ಲಿಂದ ಲಂಡನ್ನಿಗೆ ಹೋದರೆ, ವೇತನದ ಅವಧಿ ತೀರಿ ೧೯೧೭ರಲ್ಲಿ ಓದನ್ನು ಅರ್ಧಕ್ಕೆ ಬಿಟ್ಟು ಬರಬೇಕಾಯಿತು. ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ ಹಣ ಉಳಿಸಿ, ಸ್ನೇಹಿತರ ಸಾಲವನ್ನೂ ಕೊಲ್ಹಾಪುರದ ಶಾಹು ಮಹಾರಾಜರ ನೆರವನ್ನೂ ಪಡೆದು ೧೯೨೦ರಲ್ಲಿ ಮತ್ತೆ ಹೋದರು. ಹಗಲೆಲ್ಲ ಬ್ರಿಟಿಷ್ ಮ್ಯೂಸಿಯಮ್ಮಿನ ಗ್ರಂಥಾಲಯ, ರಾತ್ರಿ ಬಾಡಿಗೆಯ ಕೋಣೆಯಲ್ಲಿ ಓದು, ಹೊಟ್ಟೆಗೆ ಅರೆಬರೆ ಆಹಾರ. ೧೯೨೩ರಲ್ಲಿ ಡಿ.ಎಸ್‌ಸಿ. ಪದವಿ ಬಂದಿತು. ಆ ರಾತ್ರಿಗಳಲ್ಲಿ ಅವರು ನಿದ್ದೆಗೆಟ್ಟದ್ದು ನಿದ್ರೆ ಬೇಡವೆಂದಲ್ಲ; ಹಣವೂ ಕಾಲವೂ ಸಾಲದೆ ಹೋದದ್ದರಿಂದ.

ಅದರ ಮರುವರ್ಷ, ೧೯೨೪ರಲ್ಲಿ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಇಬ್ಬರು ವಿದ್ಯಾರ್ಥಿಗಳಿಗೆ ಅರ್ಥವಿಲ್ಲದ ಅಕ್ಷರಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸಿ, ಒಮ್ಮೆ ಮಲಗಿಸಿದ ಮೇಲೂ ಒಮ್ಮೆ ಎಚ್ಚರವಾಗಿರಿಸಿದ ಮೇಲೂ ಕೇಳಿ ನೋಡಿದರು. ಮಲಗೆದ್ದವರ ನೆನಪಿನಲ್ಲಿಯೇ ಹೆಚ್ಚು ಉಳಿದಿತ್ತು. ಕಲಿತದ್ದು ನಿದ್ರೆಯಲ್ಲಿ ಗಟ್ಟಿಗೊಳ್ಳುವುದೆಂದು ಆಮೇಲಿನ ವಿಜ್ಞಾನವೂ ತೋರಿಸಿದೆ. ರಾಮಜಿಯವರು ಇದನ್ನು ಯಾವ ಗ್ರಂಥದಿಂದಲೂ ಕಲಿತಿರಲಿಲ್ಲ.

ದೊಡ್ಡವರಾದ ಮೇಲೆ ಅಂಬೇಡ್ಕರರು ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ೧೯೨೫ರಲ್ಲಿ ಸೊಲ್ಲಾಪುರದಲ್ಲಿ ದಲಿತ ಹುಡುಗರಿಗಾಗಿ ವಿದ್ಯಾರ್ಥಿ ನಿಲಯ ತೆರೆಸಿದ್ದು. ವಿದ್ಯಾರ್ಥಿ ನಿಲಯವೆಂದರೇನು? ಒಂದು ದೀಪ, ಎರಡು ಹೊತ್ತಿನ ಊಟ, ತನ್ನದೇ ಎನ್ನುವಂಥ ಮಲಗುವ ಜಾಗ. ೧೯೫೦ರಲ್ಲಿ ಅವರ ಸಂಸ್ಥೆ ಔರಂಗಾಬಾದಿನಲ್ಲಿ ಕಾಲೇಜು ತೆರೆಯಿತು. ಆಗ ಔರಂಗಾಬಾದೂ ನಮ್ಮ ಬೀದರವೂ ಒಂದೇ ಹೈದರಾಬಾದು ರಾಜ್ಯದಲ್ಲಿದ್ದುವು.

ಜಾಗರಣೆಗೆ ದೇಹವು ಬೆಲೆ ಕೇಳದೆ ಬಿಡುವುದಿಲ್ಲ. ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷತೆಯನ್ನು ೧೯೪೭ರಲ್ಲಿ ಹೊತ್ತ ಅವರಿಗೆ ಮಧುಮೇಹವಿತ್ತು; ಕಾಲುನೋವಿನಿಂದ ರಾತ್ರಿಗಳು ನಿದ್ರೆಯಿಲ್ಲದೆ ಕಳೆಯುತ್ತಿದ್ದುವು. ಬಾಲ್ಯದಲ್ಲಿ ಜಾಗವಿಲ್ಲದೆ ದೂರವಾದ ನಿದ್ರೆ, ಹಾಸಿಗೆಯಿದ್ದ ಕಾಲದಲ್ಲಿ ಕರೆದರೂ ಬರಲಿಲ್ಲ. ೧೯೫೬ನೆಯ ಡಿಸೆಂಬರ್ ೫ರ ರಾತ್ರಿ, ದಿಲ್ಲಿಯ ಮನೆಯಲ್ಲಿ, ಬುದ್ಧನನ್ನು ಕುರಿತ ತಮ್ಮ ಗ್ರಂಥದ ಮುನ್ನುಡಿಯ ಹಾಳೆಗಳನ್ನು ಹಾಸಿಗೆಯ ಬಳಿ ಇರಿಸಿಕೊಂಡು ಮಲಗಿದರು. ಬೆಳಗಾದಾಗ ಅವರು ಏಳಲಿಲ್ಲ. ವಯಸ್ಸು ಅರವತ್ತೈದು.

ಆದ್ದರಿಂದ ಗೆಳೆಯರೇ, ಗೆಳತಿಯರೇ, ನಿದ್ದೆಗೆಡುವುದಕ್ಕೆ ಬಾಬಾಸಾಹೇಬರನ್ನು ಸಾಕ್ಷಿಗೆ ಕರೆಯಬೇಡಿ. ರಾತ್ರಿ ಓದುವುದಾದರೆ ಓದಿರಿ. ಓದಿ ಮುಗಿಸಿ ಪರೀಕ್ಷೆಗೆ ಎರಡು ಗಂಟೆ ಉಳಿದಿದ್ದರೂ ಮಲಗಿರಿ. ಎಚ್ಚರವಾಗದೆಂಬ ಭಯಕ್ಕೆ ಪರೇಲಿನ ಆ ಕೋಣೆಯಲ್ಲಿಯೇ ಉತ್ತರವಿದೆ: ಎಬ್ಬಿಸುವವರೊಬ್ಬರು ಇರಬೇಕು. ಒಬ್ಬರು ಮಲಗಿದಾಗ ಇನ್ನೊಬ್ಬರು ಎಚ್ಚರವಾಗಿದ್ದು ಹೊತ್ತಿಗೆ ಸರಿಯಾಗಿ ಎಬ್ಬಿಸುವುದು, ಒಂದೇ ಕೋಣೆಯಲ್ಲಿರುವ ನಾವು ಒಬ್ಬರಿಗೊಬ್ಬರು ಮಾಡಬಹುದಾದ ಉಪಕಾರವಾಗಿದೆ.