ಮನೆ ಒಡೆದರೂ ಉಳಿದ ವಿದ್ಯೆ: ಉಸ್ತಾದ್ ಅಬ್ದುಲ್ ಕರೀಂ ಖಾನ್

ರಾಯಚೂರಿನ ಸಿದ್ಧರಾಮ ಜಂಬಲದಿನ್ನಿ ರಂಗಮಂದಿರ ನಿಮಗೆ ಗೊತ್ತು. ಮಾನ್ವಿ, ದೇವದುರ್ಗದ ವಿದ್ಯಾರ್ಥಿಗಳೂ ಅಲ್ಲಿಗೆ ಬಂದಿರಬಹುದು. ಆ ರಂಗಮಂದಿರಕ್ಕೆ ಒಬ್ಬ ಹಿಂದೂಸ್ತಾನಿ ಗಾಯಕರ ಹೆಸರಿದೆ. ನಮ್ಮ ಉತ್ತರ ಕರ್ನಾಟಕದಲ್ಲಿ ಈ ಗಾಯನ ಬೇರೂರಲು ಕಾರಣರಾದ ಹಿರಿಯರಲ್ಲಿ ಉಸ್ತಾದ್ ಅಬ್ದುಲ್ ಕರೀಂ ಖಾನರು ಪ್ರಮುಖರು.

1872ರಲ್ಲಿ ಇಂದಿನ ಉತ್ತರ ಪ್ರದೇಶದ ಕೈರಾನಾದಲ್ಲಿ ಹುಟ್ಟಿದರು. ಕಿರಾನಾ ಘರಾಣೆಗೆ ಆ ಊರಿನದೇ ಹೆಸರು. ಆಗ ಸಂಗೀತವೆಂದರೆ ಮನೆತನದ ಆಸ್ತಿ. ಗುರುವೂ ಶಿಷ್ಯನೂ ಬೀಗರೂ ಹೆಚ್ಚಾಗಿ ಒಂದೇ ಬಳಗದವರು. ಖಾನರ ಮೊದಲ ಪತ್ನಿ ಗಫೂರನ್, ಅದೇ ಘರಾಣೆಯ ದಿಗ್ಗಜ ಅಬ್ದುಲ್ ವಾಹಿದ್ ಖಾನರ ಕುಟುಂಬದವರು.

ಬರೋಡಾ ದರ್ಬಾರಿನಲ್ಲಿದ್ದಾಗ ಮರಾಠಾ ಸರದಾರರ ಮಗಳು ತಾರಾಬಾಯಿ ಮಾನೆಯವರನ್ನು ವರಿಸಿದರು. ಇಬ್ಬರೂ ಊರು ಬಿಡಬೇಕಾಯಿತು. ಇತ್ತ ವಾಹಿದ್ ಖಾನರೊಡನೆ ಸಂಬಂಧವೂ ಕೆಟ್ಟಿತು. ಜಪಾನಿನ ನಿರ್ದೇಶಕ ಮಿಜೋಗುಚಿಯವರ 1939ರ ಚಿತ್ರವೊಂದರಲ್ಲಿ ಕಬುಕಿ ನಟರ ಮನೆಯ ಮಗ ಹೀಗೆಯೇ ಪ್ರೀತಿಗಾಗಿ ಮನೆ ಬಿಡುತ್ತಾನೆ. ಅವನು ದೊಡ್ಡ ನಟನಾಗಿ ಮರಳುವಾಗ, ಅವನಿಗಾಗಿ ಸವೆದ ಹೆಣ್ಣು ಸಾಯುತ್ತಾಳೆ. ತಾರಾಬಾಯಿಯವರ ದಾರಿ ಬೇರೆಯಾಯಿತು. 1922ರಲ್ಲಿ ಅವರು ಮಕ್ಕಳನ್ನು ಕರೆದುಕೊಂಡು ಪತಿಯಿಂದ ದೂರವಾದರು.

ಆ ಮಕ್ಕಳೇ ಮುಂದೆ ಸುರೇಶಬಾಬು ಮಾನೆ, ಹೀರಾಬಾಯಿ ಬಡೋದೇಕರ್, ಸರಸ್ವತಿ ರಾಣೆ ಎಂದು ಪ್ರಸಿದ್ಧರಾದರು. ಈ ಹೆಸರುಗಳಲ್ಲಿ ತಂದೆಯ ಗುರುತಿಲ್ಲ, ಆದರೆ ಹಾಡಿದ್ದು ಕಿರಾನಾ ಗಾಯನವನ್ನೇ. ಹೀರಾಬಾಯಿಯವರಿಗೆ ಆ ವಿದ್ಯೆ ಕೊಟ್ಟವರಲ್ಲಿ ತಂದೆಯೊಡನೆ ಮುನಿದಿದ್ದ ವಾಹಿದ್ ಖಾನರೇ ಮುಖ್ಯರು. ಹಿರಿಯರ ಜಗಳವನ್ನು ಅವರು ಮಗುವಿನ ಪಾಠಕ್ಕೆ ಅಡ್ಡ ತರಲಿಲ್ಲ.

ಖಾನರೂ ವಿದ್ಯೆಯನ್ನು ರಕ್ತಸಂಬಂಧಕ್ಕೆ ಕಟ್ಟಿಹಾಕಲಿಲ್ಲ. 1913ರಲ್ಲಿ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯ ತೆರೆದರು. ಕುಂದಗೋಳದ ರಾಮಭಾವು ಅವರಲ್ಲಿ ಕಲಿತು ಸವಾಯಿ ಗಂಧರ್ವರಾದರು. ಅವರಿಂದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಕಲಿತರು. ಖಾನರ ಧ್ವನಿಮುದ್ರಿಕೆ ಕೇಳಿಯೇ ಬಾಲಕ ಭೀಮಸೇನ ಗುರುವನ್ನು ಹುಡುಕಿಕೊಂಡು ಗದಗಿನ ಮನೆ ಬಿಟ್ಟಿದ್ದು.

1937ರ ಅಕ್ಟೋಬರ್ 27ರಂದು ಪಾಂಡಿಚೇರಿಗೆ ಹೊರಟಿದ್ದ ಖಾನರಿಗೆ ರೈಲಿನಲ್ಲಿ ಆಯಾಸವಾಯಿತು. ಸಿಂಗಪೆರುಮಾಳ್ ಕೋಯಿಲ್ ನಿಲ್ದಾಣದಲ್ಲಿ ಇಳಿದು ಅಲ್ಲಿಯೇ ಕೊನೆಯುಸಿರೆಳೆದರು. ಮಿರಜಿನ ಖ್ವಾಜಾ ಶಮ್ನಾ ಮೀರಾ ದರ್ಗಾದ ಆವರಣದಲ್ಲಿ ಅವರ ಸಮಾಧಿಯಿದೆ. ಅವರ ನೆನಪಿನಲ್ಲಿ ಅಲ್ಲಿ ಪ್ರತಿವರ್ಷ ಸಂಗೀತೋತ್ಸವ ನಡೆಯುತ್ತದೆ.

ವಿದ್ಯಾರ್ಥಿಗಳೇ, ನಿಮ್ಮ ಮನೆಯಲ್ಲೂ ಅಣ್ಣತಮ್ಮಂದಿರ, ದಾಯಾದಿಗಳ ಮನಸ್ತಾಪ ಇರಬಹುದು. ಹಿರಿಯರ ಸಿಟ್ಟು ಹಿರಿಯರಲ್ಲೇ ಉಳಿಯಲಿ. ಚಿಕ್ಕಪ್ಪನೇ ಆಗಲಿ, ಮಾವನೇ ಆಗಲಿ, ಬಲ್ಲವರ ಬಳಿ ಕಲಿಯಲು ಹಿಂಜರಿಯಬೇಡಿ, ಹೀರಾಬಾಯಿ ಹಿಂಜರಿಯಲಿಲ್ಲ.